ಮಳೆಯಲ್ಲಿ ಬೆಳೆದ ತುಳಸಿ ಕಪ್ಪಾಗದೆ, ಬೂಷ್ಟು ಹಿಡಿಯದೆ ಒಣಗಬೇಕಾದರೆ

ಪ್ರಶ್ನೆ: ವರ್ಷದಲ್ಲಿ ನಾಲ್ಕೈದು ತಿಂಗಳು ಬಿಡದೆ ಮಳೆ ಸುರಿಯುವ ಜಾಗದಲ್ಲಿ ಬಯಲಿನಲ್ಲೇ ಅರವತ್ತು ತುಳಸಿ ಗಿಡ, ಇಪ್ಪತ್ತು ಕಾಮಕಸ್ತೂರಿ ಗಿಡ ಬೆಳೆಸಿದ್ದೇನೆ. ಚಹಾಕ್ಕೆ, ಕಷಾಯಕ್ಕೆ ಎಲೆ ಒಣಗಿಸಿ ಇಡುವ ಉದ್ದೇಶ. ಕೊಯ್ದು ಕಟ್ಟುಕಟ್ಟಿ ಅಟ್ಟದಲ್ಲಿ ತೂಗುಹಾಕಿ, ಫ್ಯಾನ್ ಹಾಕಿ ಎರಡು ವಾರ ಬಿಟ್ಟೆ. ಹೊರಗಿನ ಎಲೆ ಒಣಗಿತು, ಕಟ್ಟಿನ ಒಳಗಿನದು ಕಪ್ಪಾಯಿತು. ಚೆನ್ನಾಗಿ ಒಣಗಿದೆ ಅನಿಸಿದ್ದನ್ನು ಆರಿಸಿ ಡಬ್ಬಿಗೆ ಹಾಕಿದರೆ ತಿಂಗಳೊಳಗೆ ಬೂಷ್ಟು. ಗಿಡದಲ್ಲೇ ಕೆಲವು ತೆನೆಗಳು ಕೊಳೆಯುತ್ತಿವೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೂರು ಕಡೆ ತಪ್ಪಿದೆ. ಕೊಯ್ಲು ತಡವಾಗಿದೆ, ಒಣಗಿಸಿದ ಗಾಳಿಯೇ ಒದ್ದೆ ಇತ್ತು, ಡಬ್ಬಿಗೆ ಹಾಕುವ ಮೊದಲು ಅಳೆದು ನೋಡಿಲ್ಲ. ಇವುಗಳಲ್ಲಿ ನಡುವಿನದೇ ದೊಡ್ಡದು, ಆದ್ದರಿಂದ ಅಲ್ಲಿಂದ ಶುರು ಮಾಡೋಣ.

ಫ್ಯಾನ್ ಗಾಳಿಯನ್ನು ಓಡಾಡಿಸುತ್ತದೆ, ಒಣಗಿಸುವುದಿಲ್ಲ. ಮಳೆಗಾಲದಲ್ಲಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ 90 ಆರ್ದ್ರತೆ ಇರುವ ಒಂದು ಘನ ಮೀಟರ್ ಗಾಳಿಯಲ್ಲಿ ಆಗಲೇ 20 ಗ್ರಾಂಗಿಂತ ಹೆಚ್ಚು ನೀರಾವಿ ತುಂಬಿರುತ್ತದೆ. ಅದು ಎಲೆಯಿಂದ ಇನ್ನು ಹೀರಬಲ್ಲದ್ದು ಒಂದು ಗ್ರಾಂಗೂ ಕಡಿಮೆ. ಅದಕ್ಕಿಂತ ಮುಖ್ಯವಾದ ಮಾತು: ಅಂಥ ಗಾಳಿಯಲ್ಲಿ ಎಲೆಯನ್ನು ತಿಂಗಳುಗಟ್ಟಲೆ ಇಟ್ಟರೂ ಅದು ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಒಣ ಎಲೆ ಕೆಡದೆ ಉಳಿಯಲು ಅದರ ತೇವಾಂಶ ಶೇ 10ರೊಳಗೆ ಇರಬೇಕು. ಶೇ 90 ಆರ್ದ್ರತೆಯ ಗಾಳಿಯಲ್ಲಿ ಅದು ಎಂದೂ ಅಲ್ಲಿಗೆ ಇಳಿಯದು. ಹೊರಗಿನ ಎಲೆ ಒಣಗಿದಂತೆ ಕಂಡದ್ದು ಮಧ್ಯಾಹ್ನದ ಒಂದೆರಡು ಗಂಟೆಯ ಬಿಸಿಗೆ. ರಾತ್ರಿ ಅದೇ ಎಲೆ ಮತ್ತೆ ತೇವ ಎಳೆದುಕೊಂಡಿರುತ್ತದೆ.

ಅದೇ ಗಾಳಿಯನ್ನು 40 ಡಿಗ್ರಿಗೆ ಬಿಸಿ ಮಾಡಿ ನೋಡಿ. ಒಂದು ಹನಿ ನೀರನ್ನೂ ತೆಗೆಯದಿದ್ದರೂ ಆರ್ದ್ರತೆ ಶೇ 90ರಿಂದ ಶೇ 40ರ ಆಸುಪಾಸಿಗೆ ಇಳಿಯುತ್ತದೆ. ಈಗ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಆರು ಗ್ರಾಂ ನೀರನ್ನು ಹೊತ್ತೊಯ್ಯಬಲ್ಲದು. ಸೊಪ್ಪು ಹರಡಿದ ತಟ್ಟೆಗಳ ನಡುವೆ ಹಾದುಹೋಗುವಾಗ ಅದರ ಅರ್ಧದಷ್ಟು ಸಿಕ್ಕಿತೆಂದು ಲೆಕ್ಕ ಹಿಡಿಯುವುದು ಕ್ಷೇಮ. ಹತ್ತು ಕಿಲೋ ಹಸಿ ಸೊಪ್ಪಿನಿಂದ ಸುಮಾರು ಎಂಟು ಕಿಲೋ ನೀರು ಹೋಗಬೇಕು. ಅಂದರೆ ಸುಮಾರು 2,700 ಘನ ಮೀಟರ್ ಬಿಸಿ ಗಾಳಿ. ಒಂದು ದಿನದಲ್ಲಿ ಮುಗಿಸಬೇಕಾದರೆ ಗಂಟೆಗೆ 110 ಘನ ಮೀಟರ್, ಅಷ್ಟಕ್ಕೆ ಚಿಕ್ಕ ಎಕ್ಸಾಸ್ಟ್ ಫ್ಯಾನ್ ಧಾರಾಳ ಸಾಕು. ಅಷ್ಟು ಗಾಳಿಯನ್ನು ಹದಿನೈದು ಡಿಗ್ರಿ ಏರಿಸಲು ಸುಮಾರು 13 ಯೂನಿಟ್ ವಿದ್ಯುತ್ ಬೇಕು. ತಟ್ಟೆಗಳನ್ನು ಜೋಡಿಸಿದ ಒಣಗಿಸುವ ಪೆಟ್ಟಿಗೆಯ ಗೋಡೆಯಿಂದ ಸೋರುವ ಶಾಖ ಇದಕ್ಕೆ ಸೇರಿಲ್ಲ. ಹೀಟರ್ ಕೊಳ್ಳುವ ಮೊದಲು ಈ ಲೆಕ್ಕವನ್ನು ನಿಮ್ಮ ಸೊಪ್ಪಿನ ತೂಕಕ್ಕೆ ಹೊಂದಿಸಿ ನೋಡಿ. ಐವತ್ತು ಕಿಲೋ ಸೊಪ್ಪನ್ನು ಕೂದಲು ಒಣಗಿಸುವ ಡ್ರೈಯರ್‌ನಿಂದ ಒಣಗಿಸಲು ಹೊರಡುವವರೂ ಇದ್ದಾರೆ.

ಇನ್ನೊಂದು ದಾರಿ ಡಿಹ್ಯೂಮಿಡಿಫೈಯರ್. ಕಿಟಕಿ ಬಾಗಿಲು ಮುಚ್ಚಿದ ಚಿಕ್ಕ ಕೋಣೆಯಲ್ಲಿ ಇದು ಗಾಳಿಯ ನೀರನ್ನು ತಣ್ಣನೆಯ ಕೊಳವೆಯ ಮೇಲೆ ಹನಿಯಾಗಿಸಿ ಡಬ್ಬಿಗೆ ಇಳಿಸುತ್ತದೆ. ಆವಿ ನೀರಾಗುವಾಗ ಬಿಟ್ಟುಕೊಡುವ ಶಾಖವೂ ಕೋಣೆಯಲ್ಲೇ ಉಳಿಯುವುದರಿಂದ ಲೀಟರ್ ನೀರಿಗೆ ತಗಲುವ ವಿದ್ಯುತ್ ಬಿಸಿ ಗಾಳಿ ಬೀಸಿ ಹೊರಹಾಕುವುದಕ್ಕಿಂತ ಕಡಿಮೆ. ಕೋಣೆ 25ರಿಂದ 32 ಡಿಗ್ರಿ ಇದ್ದು, ಆರ್ದ್ರತೆ ಶೇ 40ರಿಂದ 45ರಲ್ಲಿ ನಿಂತರೆ ಎಲೆ ಎರಡು ಮೂರು ದಿನದಲ್ಲಿ ಒಣಗುತ್ತದೆ, ಪರಿಮಳವೂ ಚೆನ್ನಾಗಿ ಉಳಿಯುತ್ತದೆ. ಕೋಣೆ ತಣ್ಣಗಿದ್ದಷ್ಟೂ ಈ ಯಂತ್ರದ ಕೆಲಸ ಕುಗ್ಗುತ್ತದೆ. ಕೊಳ್ಳುವಾಗ ದಿನಕ್ಕೆ ಎಷ್ಟು ಲೀಟರ್ ಎಂಬ ಅಂಕಿಯನ್ನು ಪೂರ್ತಿ ನಂಬಬೇಡಿ. ಅದನ್ನು ಸಾಮಾನ್ಯವಾಗಿ ಬಿಸಿಯೂ ಒದ್ದೆಯೂ ಆದ ಗಾಳಿಯಲ್ಲಿ ಅಳೆದಿರುತ್ತಾರೆ. ನಿಮ್ಮ ಕೋಣೆ ಒಣಗುತ್ತ ಬಂದ ಹಾಗೆ ಅದರ ಅರ್ಧ ಸಿಕ್ಕರೆ ಹೆಚ್ಚು. ಒಂದು ತಪ್ಪನ್ನಂತೂ ಮಾಡಬೇಡಿ: ಡಿಹ್ಯೂಮಿಡಿಫೈಯರ್ ಓಡುವಾಗ ‘ಗಾಳಿಯಾಡಲಿ’ ಎಂದು ಕಿಟಕಿ ತೆರೆಯುವುದು. ಆಮೇಲೆ ನೀವು ಒಣಗಿಸುವುದು ಊರಿನ ಗಾಳಿಯನ್ನು.

ಬಿಸಿ ಗಾಳಿಯ ಪೆಟ್ಟಿಗೆ ಮಾಡಿಸುವುದಾದರೆ ಅಳತೆ ಹೀಗೆ ಹಿಡಿಯಿರಿ. ಚದರ ಮೀಟರಿಗೆ ಎರಡು ಕಿಲೋ ಹಸಿ ಸೊಪ್ಪು, ದಪ್ಪ ಎರಡು ಮೂರು ಸೆಂಟಿಮೀಟರ್ ಮೀರದಂತೆ ಸಡಿಲವಾಗಿ. ಹತ್ತು ಕಿಲೋಗೆ ಐದು ಚದರ ಮೀಟರ್ ಜಾಗ ಬೇಕು, ಅಂದರೆ ಒಂದು ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಒಂಬತ್ತು ಜಾಲರಿ ತಟ್ಟೆ. ತಟ್ಟೆಗಳ ನಡುವೆ 12ರಿಂದ 15 ಸೆಂಟಿಮೀಟರ್ ಅಂತರ ಬಿಡಿ. ಜಾಲರಿ ನೈಲಾನ್ ಅಥವಾ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ತುಕ್ಕು ಹಿಡಿಯುವ ತಂತಿ ತಾಗಿದ ಕಡೆ ಎಲೆಯಲ್ಲಿ ಕಪ್ಪು ಗೆರೆ ಮೂಡುತ್ತದೆ. ಬಿಸಿ ಗಾಳಿ ಕೆಳಗಿನಿಂದ ಒಳಗೆ, ಎಕ್ಸಾಸ್ಟ್ ಮೇಲೆ. ಕೆಳಗಿನ ತಟ್ಟೆ ಬೇಗ ಒಣಗುತ್ತದೆ, ಮೇಲಿನದಕ್ಕೆ ಕೆಳಗಿನವೆಲ್ಲ ಬಿಟ್ಟ ತೇವ ಸಿಗುತ್ತದೆ. ಆದ್ದರಿಂದ ನಾಲ್ಕು ಗಂಟೆಗೊಮ್ಮೆ ಮೇಲಿನ ತಟ್ಟೆಗಳನ್ನು ಕೆಳಗೆ, ಕೆಳಗಿನದನ್ನು ಮೇಲೆ ಬದಲಿಸಿ. ಮೊದಲ ಆರು ಗಂಟೆ ಎಕ್ಸಾಸ್ಟ್ ಪೂರ್ತಿ ತೆರೆದಿರಲಿ. ಬರುಬರುತ್ತ ಎಲೆ ಬಿಡುವ ನೀರು ಕಡಿಮೆಯಾಗುತ್ತದೆ, ಆಗ ಕಂಡಿಯನ್ನು ಅರ್ಧ ಮುಚ್ಚಿದರೆ ಶಾಖ ಉಳಿಯುತ್ತದೆ. 38ರಿಂದ 40 ಡಿಗ್ರಿಯಲ್ಲಿ ಎಲೆ 18ರಿಂದ 30 ಗಂಟೆಯಲ್ಲಿ ಒಣಗುತ್ತದೆ.

ನಲವತ್ತಕ್ಕೇ ಯಾಕೆ ನಿಲ್ಲಿಸಬೇಕು? ತುಳಸಿಯ ಪರಿಮಳದ ಎಣ್ಣೆ ಎಲೆಯ ಮೇಲ್ಮೈಯ ಸಣ್ಣ ಗ್ರಂಥಿಗಳಲ್ಲಿ, ತೆಳು ಪೊರೆಯೊಂದರ ಕೆಳಗೆ ಕುಳಿತಿರುತ್ತದೆ. ಬಹುತೇಕ ತುಳಸಿಯಲ್ಲಿ ಮುಖ್ಯ ಅಂಶ ಯೂಜಿನಾಲ್, ಲವಂಗದ ಪರಿಮಳದ್ದೂ ಅದೇ. ಕಾಮಕಸ್ತೂರಿಯಲ್ಲಿ ಲಿನಲೂಲ್, ಮೀಥೈಲ್ ಚಾವಿಕಾಲ್ ಹೆಚ್ಚು. ಇವೆಲ್ಲ ಆವಿಯಾಗುವ ವಸ್ತುಗಳು. 50–60 ಡಿಗ್ರಿಗೆ ಏರಿಸಿದರೆ ಕೋಣೆಯೆಲ್ಲ ಘಮಘಮಿಸುತ್ತದೆ, ಆ ಘಮ ನಿಮ್ಮ ಡಬ್ಬಿಗೆ ಬರಬೇಕಾಗಿದ್ದದ್ದು. ಅಡುಗೆಮನೆಯ ಓವನ್ ಬೇಡ ಎನ್ನುವುದೂ ಇದಕ್ಕೇ: ಅದರ ಅತಿ ಕಡಿಮೆ ಮಟ್ಟವೂ ಸಾಮಾನ್ಯವಾಗಿ 50ಕ್ಕಿಂತ ಮೇಲೆ, ಆವಿ ಹೊರಹೋಗಲು ದಾರಿಯೂ ಇರುವುದಿಲ್ಲ. ನೇರ ಬಿಸಿಲೂ ಬೇಡ. ಮಳೆಯ ನಡುವೆ ಬಿಸಿಲು ಬಂದಾಗ ಹರಡಿ, ಮೋಡ ಬಂದಾಗ ಓಡಿಹೋಗಿ ತಂದು, ಹೀಗೆ ಮೂರು ದಿನ ಒಣಗಿ-ನೆನೆದ ಎಲೆ ಬಣ್ಣವನ್ನೂ ಕಳೆದುಕೊಳ್ಳುತ್ತದೆ, ಬೂಷ್ಟಿಗೂ ಸಿಗುತ್ತದೆ.

ಕಟ್ಟುಕಟ್ಟಿ ತೂಗುಹಾಕುವುದನ್ನು ಬಿಟ್ಟುಬಿಡಿ. ಒಣ ಹವೆಯ ಊರುಗಳಿಗೆ ಅದು ಸರಿ. ನಿಮ್ಮಲ್ಲಿ ಕಟ್ಟಿನ ನಡುವೆ ಗಾಳಿ ಹೋಗದೆ ಎಲೆ ಉಸಿರಾಡುತ್ತ ಬಿಸಿಯಾಗುತ್ತದೆ, ಬೆಂದಂತಾಗಿ ಕಪ್ಪಾಗುತ್ತದೆ.

ಕಪ್ಪಾಗುವುದಕ್ಕೆ ಬೇರೆ ಕಾರಣಗಳೂ ಇವೆ. ಎಲೆ ಜಜ್ಜಿದಾಗ ಅದರೊಳಗಿನ ಕಿಣ್ವವೊಂದು ಫೀನಾಲ್ ವಸ್ತುಗಳ ಜೊತೆ ಸೇರಿ, ಗಾಳಿ ತಾಗಿ ಕಪ್ಪಾಗಿಸುತ್ತದೆ, ಕತ್ತರಿಸಿದ ಬದನೆಕಾಯಿ ಕಪ್ಪಾಗುವ ಹಾಗೆಯೇ. ಚೀಲಕ್ಕೆ ಒತ್ತಿ ತುಂಬಿದರೆ ಅಲ್ಲಿಗೆ ಅರ್ಧ ಕೆಲಸ ಕೆಟ್ಟಿತು. ಅಗಲ ಬುಟ್ಟಿಯಲ್ಲಿ ಸಡಿಲವಾಗಿ ತನ್ನಿ, ಕೊಯ್ದ ಒಂದೆರಡು ಗಂಟೆಯೊಳಗೆ ತಟ್ಟೆಗೆ ಹರಡಿ. ಇವತ್ತು ಪುರಸೊತ್ತಿಲ್ಲ, ಫ್ರಿಜ್‌ನಲ್ಲಿಟ್ಟು ನಾಳೆ ಒಣಗಿಸುತ್ತೇನೆ ಎಂಬ ಲೆಕ್ಕವೂ ನಡೆಯದು. ಕಾಮಕಸ್ತೂರಿ ಬೆಚ್ಚನೆ ನಾಡಿನ ಗಿಡ. ಹತ್ತು ಡಿಗ್ರಿಗಿಂತ ಕೆಳಗೆ ಅದರ ಎಲೆ ಚಳಿಯಿಂದಲೇ ಕಪ್ಪು ಮಚ್ಚೆ ಹಿಡಿಯುತ್ತದೆ. ಹಸಿಯಾಗಿ ಎಲೆ ಬಿಡಿಸುವ ಕೆಲಸವನ್ನೂ ಮಾಡಬೇಡಿ. ಎಳೆಯ ಕುಡಿಗಳನ್ನು 12–15 ಸೆಂಟಿಮೀಟರ್ ಉದ್ದಕ್ಕೆ ಕಡ್ಡಿ ಸಮೇತ ಹರಡಿ, ಎಲೆ ಗರಿಗರಿಯಾದ ಮೇಲೆ ಕೈಯಲ್ಲಿ ಸವರಿದರೆ ತಾನೇ ಉದುರುತ್ತದೆ. ಪೆನ್ಸಿಲಿಗಿಂತ ದಪ್ಪದ ಕಾಂಡವನ್ನು ಮಾತ್ರ ಮೊದಲೇ ತೆಗೆದುಹಾಕಿ.

ಇನ್ನು ಹೊಲದ ಮಾತು. ಒಣಗಿಸುವ ಕೋಣೆಗೆ ಬಂದ ಸೊಪ್ಪಿನಲ್ಲಿ ಬೂಷ್ಟು ಈಗಾಗಲೇ ಇದ್ದರೆ ಯಾವ ಯಂತ್ರವೂ ಅದನ್ನು ವಾಸಿ ಮಾಡುವುದಿಲ್ಲ. ನೀವು ಹೇಳಿದ ಕೊಳೆತ ತೆನೆಗಳು ಹೆಚ್ಚಾಗಿ ಬೂದುಬಣ್ಣದ ಬೂಷ್ಟು, ಬೋಟ್ರಿಟಿಸ್ ಎಂಬ ಶಿಲೀಂಧ್ರದ್ದು. ಬಾಡಿದ ಹೂದಳ, ಕೊಯ್ದ ಕಾಂಡದ ಮೊಂಡು, ಹಳದಿಯಾದ ಬುಡದ ಎಲೆ, ಹೀಗೆ ಸತ್ತ ಭಾಗದಲ್ಲಿ ಮೊದಲು ನೆಲೆಯೂರಿ ಅಲ್ಲಿಂದ ಜೀವಂತ ಭಾಗಕ್ಕೆ ಹಬ್ಬುತ್ತದೆ. ತುಳಸಿಯ ತೆನೆಯಲ್ಲಿ ಹೂ ಉದುರಿದ ಪುಟ್ಟ ಬಟ್ಟಲುಗಳು ಸಾಲಾಗಿ ನೀರು ಹಿಡಿದುಕೊಳ್ಳುತ್ತವೆ, ಇದಕ್ಕಿಂತ ಒಳ್ಳೆಯ ಮನೆ ಅದಕ್ಕೆ ಸಿಗದು.

ಪುಸ್ತಕದ ಸಲಹೆಯಂತೆ ತುಳಸಿಯಲ್ಲಿ ಎಣ್ಣೆ ಹೆಚ್ಚು ಸಿಗುವುದು ಹೂ ತುಂಬಿದಾಗ. ಎಣ್ಣೆ ಬಟ್ಟಿ ಇಳಿಸುವವರಿಗೆ ಅದು ಸರಿಯಾದ ಮಾತು. ಮಳೆಯ ಜಾಗದಲ್ಲಿ ಎಲೆ ಒಣಗಿಸುವವರು ಆ ಹೂವಿಗೆ ಕಾಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ತೆನೆಗಳು ಆಗಷ್ಟೇ ತಲೆಯೆತ್ತುವಾಗ ಕೊಯ್ಯಿರಿ. ಎಣ್ಣೆ ಸ್ವಲ್ಪ ಕಡಿಮೆ ಸಿಗಬಹುದು, ಎಲೆ ಮಾತ್ರ ಚೊಕ್ಕವಾಗಿ ಕೈಗೆ ಬರುತ್ತದೆ. ನಾಟಿ ಮಾಡಿದ 90 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 65–75 ದಿನಕ್ಕೊಂದು ಎನ್ನುವುದು ವಾಡಿಕೆಯ ಲೆಕ್ಕ. ಮಳೆಗಾಲದಲ್ಲಿ ದಿನ ಎಣಿಸುವ ಬದಲು ಆಕಾಶವನ್ನೂ ತೆನೆಯನ್ನೂ ನೋಡಿ. ಮೂರು ದಿನದ ಮಳೆ ಬರಲಿದೆ ಎಂದು ಮುನ್ಸೂಚನೆ ಇದ್ದರೆ, ಗಿಡ ಇನ್ನೂ ಒಂದು ವಾರ ಬೆಳೆಯಬಹುದಿತ್ತು ಅನಿಸಿದರೂ ಮಳೆಗೆ ಮೊದಲೇ ಕೊಯ್ಯುವುದು ಲಾಭ. ಮಳೆ ನಿಂತ ಮರುದಿನ ಕೊಯ್ಯಬೇಡಿ, ಸಾಧ್ಯವಾದರೆ ಎರಡು ಒಣ ದಿನ ಬಿಡಿ. ಹೊತ್ತು ಯಾವುದೆಂದರೆ ಇಬ್ಬನಿ ಆರಿದ ಮೇಲೆ, ಬಿಸಿಲು ಸುಡುವ ಮೊದಲು. ಎಲೆಯ ಮೇಲೆ ಕೂತ ನೀರನ್ನೂ ಒಣಗಿಸಬೇಕಾಗಿ ಬಂದರೆ ಹತ್ತು ಕಿಲೋ ಸೊಪ್ಪಿಗೆ ಒಂದೆರಡು ಕಿಲೋ ನೀರು ಹೆಚ್ಚಾಗಿ ಸೇರಿದ ಹಾಗೆ.

ನೆಲದಿಂದ 15–20 ಸೆಂಟಿಮೀಟರ್ ಬಿಟ್ಟು, ಎಲೆಗಂಟಿನ ಸ್ವಲ್ಪವೇ ಮೇಲೆ ಹರಿತವಾದ ಕತ್ತರಿಯಿಂದ ಕತ್ತರಿಸಿ. ಗಂಟಿನ ಮೇಲೆ ಉದ್ದನೆ ಮೊಂಡು ಬಿಟ್ಟರೆ ಅದು ಸಾಯುತ್ತದೆ, ಬೂಷ್ಟು ಅಲ್ಲಿಂದ ಇಳಿಯುತ್ತದೆ. ಕೆಳಗೆ ಒಂದಷ್ಟು ಹಸಿರೆಲೆ ಉಳಿದಿರಬೇಕು, ಇಲ್ಲದಿದ್ದರೆ ಮರುಚಿಗುರು ಬರುವುದು ಕಷ್ಟ.

ಬೆಳೆಸುವಾಗ ಮಾಡಬೇಕಾದದ್ದೆಲ್ಲ ಒಂದೇ ಉದ್ದೇಶಕ್ಕೆ: ಮಳೆ ನಿಂತ ಎರಡು ಮೂರು ಗಂಟೆಯಲ್ಲಿ ಎಲೆ ಆರಬೇಕು. ಏರುಮಡಿ 20–30 ಸೆಂಟಿಮೀಟರ್ ಎತ್ತರ, ಒಂದು ಮೀಟರ್ ಅಗಲ ಇರಲಿ, ನಡುವಿನ ಕಾಲುವೆಗೆ ನೀರು ನಿಲ್ಲದಷ್ಟು ಇಳಿಜಾರಿರಲಿ. ತುಳಸಿಗೆ 40×40 ಸೆಂಟಿಮೀಟರ್ ಅಂತರ ಸಾಕೆನ್ನುತ್ತಾರೆ. ನಿಮ್ಮ ಹವೆಯಲ್ಲಿ 60×45 ಬೇಕು. ಸಸಿ ಮೊಳಕಾಲುದ್ದ ಬರುವ ಮೊದಲೇ ಕುಡಿ ಚಿವುಟಿದರೆ ಕವಲೊಡೆಯುತ್ತದೆ, ಆದರೆ ಒಳಗಿನ ಸಣ್ಣ ಕಡ್ಡಿಗಳನ್ನೂ ನೆಲದಿಂದ ಒಂದು ಗೇಣಿನೊಳಗಿನ ಎಲೆಗಳನ್ನೂ ತೆಗೆಯುತ್ತಿರಬೇಕು. ಮಳೆಹನಿ ಮಣ್ಣಿಗೆ ಬಡಿದು ಸಿಡಿಯುವುದು ಹೆಚ್ಚಾಗಿ ಅಲ್ಲಿಯವರೆಗೆ, ಮಣ್ಣಿನ ರೋಗವೂ ಕೊಳೆಯೂ ಮೇಲೇರುವುದು ಆ ಸಿಡಿತದಿಂದ. ಬುಡಕ್ಕೆ ಒಣಹುಲ್ಲಿನ ಹೊದಿಕೆ ಹಾಕಿದರೆ ಸಿಡಿತ ನಿಲ್ಲುತ್ತದೆ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ, ಇಲ್ಲವಾದರೆ ಬುಡಕೊಳೆ ಬರುತ್ತದೆ. ಹೊದಿಕೆಯ ಅಡಿಯಲ್ಲಿ ಬಸವನಹುಳುಗಳು ಸೇರಿಕೊಳ್ಳುವುದೂ ಉಂಟು, ರಾತ್ರಿ ಟಾರ್ಚ್ ಹಿಡಿದು ಆಯುವುದೇ ಅದಕ್ಕೆ ಮದ್ದು. ಬೂದಿ ಚೆಲ್ಲಿದರೆ ಮೊದಲ ಮಳೆಗೆ ತೊಳೆದುಹೋಗುತ್ತದೆ.

ಗೊಬ್ಬರದಲ್ಲಿ ಕೈ ಬಿಗಿಹಿಡಿಯಿರಿ. ನಾಟಿಗೆ ಮೊದಲು ಚದರ ಮೀಟರಿಗೆ ಒಂದರಿಂದ ಒಂದೂವರೆ ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಮಳೆಗಾಲದಲ್ಲಿ ಎಲೆ ತಿಳಿಯಾಯಿತೆಂದು ಯೂರಿಯಾ ಕೊಟ್ಟರೆ ಗಿಡ ಸೊಂಪಾಗಿ ಏಳುತ್ತದೆ ನಿಜ, ಆ ಎಲೆ ದೊಡ್ಡದು, ತೆಳ್ಳನೆಯದು, ನೀರು ತುಂಬಿದ್ದು. ಬೂಷ್ಟಿಗೆ ಮೊದಲು ಬಲಿಯಾಗುವುದೂ ಅದೇ, ಒಣಗಲು ಹೆಚ್ಚು ಹೊತ್ತು ಹಿಡಿಯುವುದೂ ಅದೇ.

ಖರ್ಚು ಮಾಡುವ ಮನಸ್ಸಿದ್ದರೆ ಮಡಿಯ ಮೇಲೆ 200 ಮೈಕ್ರಾನ್ ದಪ್ಪದ, ಬಿಸಿಲಿಗೆ ಬೇಗ ಹರಿಯದ ಯುವಿ ಪಾಲಿಥೀನ್ ಹಾಳೆಯ ಚಪ್ಪರ ಹಾಕಿಸಿ. ಸುತ್ತ ನಾಲ್ಕೂ ಬದಿ ತೆರೆದಿರಬೇಕು. ಬದಿ ಮುಚ್ಚಿದರೆ ಒಳಗೆ ಬೆವರುತ್ತದೆ, ಬಯಲಿಗಿಂತಲೂ ಕೆಡುತ್ತದೆ. ಚಪ್ಪರದಡಿ ಮಳೆಯ ರೋಗ ಕಡಿಮೆಯಾದರೂ ಮಳೆ ತೊಳೆದುಹಾಕುತ್ತಿದ್ದ ಕೀಟ ಹೆಚ್ಚುತ್ತದೆ. ಎಲೆಯ ಅಡಿಯಲ್ಲಿ ಕಪ್ಪು ಚುಕ್ಕೆಯಂಥ ಹಿಕ್ಕೆ, ಮೇಲೆ ಬಿಳಿಚಿದ ಬಣ್ಣ, ಮುರುಟಿದ ಕುಡಿ ಕಂಡರೆ ಅದು ಜಾಲರಿ ರೆಕ್ಕೆಯ ತಿಗಣೆ. ಕುಡಿಗಳನ್ನು ಚಿವುಟಿ ಸುಟ್ಟುಹಾಕಿ. ಬೇವಿನೆಣ್ಣೆ ಹೊಡೆಯಬಹುದು, ಹೊಡೆದ ಎಲೆಯನ್ನು ಚಹಾಕ್ಕೆ ಬಳಸಬೇಡಿ, ಕಹಿ ಬಿಡುವುದಿಲ್ಲ. ಅದನ್ನು ಕೊಯ್ದೊಗೆದು ಮುಂದಿನ ಚಿಗುರಿಗೆ ಕಾಯಿರಿ.

ನಿಮ್ಮ ಕಾಮಕಸ್ತೂರಿಯ ಮೇಲೆ ಬೇರೆಯೇ ಕಣ್ಣಿಡಬೇಕು. ಎಲೆ ನರಗಳ ನಡುವೆ ಹಳದಿಯಾಗಿ, ತಿರುಗಿಸಿ ನೋಡಿದರೆ ಅಡಿಯಲ್ಲಿ ಬೂದು-ನೇರಳೆ ಪುಡಿ ಕಂಡರೆ ಅದು ಬೂಜು ತುಪ್ಪಟ ರೋಗ. ಗೊಬ್ಬರದ ಕೊರತೆ ಎಂದುಕೊಂಡು ಯೂರಿಯಾ ಹಾಕುವವರು ಈ ಕಾರಣಕ್ಕೇ ಗಿಡ ಕಳೆದುಕೊಳ್ಳುತ್ತಾರೆ. ರಾತ್ರಿಯ ಕತ್ತಲೆ, ಎಲೆಯ ಒದ್ದೆ ಎರಡೂ ಸೇರಿದಾಗ ಅದು ಬೀಜಕಣ ಬಿಡುತ್ತದೆ, ಆದ್ದರಿಂದ ಸಂಜೆ ನೀರು ಹಾಕಬೇಡಿ. ರೋಗ ಬಂದ ಗಿಡವನ್ನು ಚೀಲದಲ್ಲಿ ಮುಚ್ಚಿ ಕಿತ್ತೊಯ್ಯಿರಿ, ಉಳಿದ ಚೊಕ್ಕ ಗಿಡಗಳನ್ನು ಅದೇ ವಾರ ಕೊಯ್ದುಬಿಡಿ. ತುಳಸಿಗೆ ಇದರ ಕಾಟ ಅಷ್ಟಿಲ್ಲ.

ಕೊನೆಗೆ ಡಬ್ಬಿಯ ಸಂಗತಿ. ನೀವು ಆರಿಸಿ ಹಾಕಿದ ಎಲೆ ಗರಿಗರಿಯಾಗಿಯೇ ಇದ್ದಿರಬಹುದು, ಜೊತೆಗಿದ್ದ ಕಡ್ಡಿ ಒಣಗಿರಲಿಲ್ಲ. ಮುಚ್ಚಿದ ಡಬ್ಬಿಯಲ್ಲಿ ಕಡ್ಡಿಯ ತೇವ ಎಲೆಗೆ ಹರಡುತ್ತದೆ, ಮೂರು ದಿನದಲ್ಲಿ ಎಲೆ ಮೆತ್ತಗಾಗುತ್ತದೆ, ಉಳಿದದ್ದು ನಿಮಗೆ ಗೊತ್ತು. ಕಡ್ಡಿಯನ್ನು ಬಗ್ಗಿಸಿದರೆ ಲಟಕ್ಕನೆ ಮುರಿಯಬೇಕು, ನಾರು ಹಿಡಿದುಕೊಂಡು ಬಾಗಿದರೆ ಇನ್ನೂ ಒಣಗಿಲ್ಲ. ತೂಕದ ಲೆಕ್ಕ ಇನ್ನೂ ಖಚಿತ: ಹಸಿ ಸೊಪ್ಪಿನಲ್ಲಿ ಶೇ 82ರಷ್ಟು ನೀರಿದ್ದರೆ ಒಂದು ಕಿಲೋ 200 ಗ್ರಾಂಗೆ ಇಳಿದಾಗ ತೇವಾಂಶ ಶೇ 10. ಶೇ 85 ನೀರಿದ್ದರೆ 165 ಗ್ರಾಂ ಆಸುಪಾಸು. ಒಂದು ತಟ್ಟೆಯನ್ನು ಗುರುತುಮಾಡಿಕೊಂಡು ಹಸಿಯಲ್ಲಿ ತೂಗಿ, ಆಮೇಲೆ ಎರಡು ಗಂಟೆಗೊಮ್ಮೆ ತೂಗಿ. ಎರಡು ತೂಕಗಳ ನಡುವೆ ವ್ಯತ್ಯಾಸ ಕಾಣದಿದ್ದರೆ, ಪೆಟ್ಟಿಗೆಯ ಗಾಳಿಯೂ ಶೇ 40ರೊಳಗೆ ಇದ್ದರೆ, ಮುಗಿಯಿತು.

ಅದನ್ನೂ ನೇರ ಕಪಾಟಿಗೆ ಸೇರಿಸಬೇಡಿ. ಗಾಜಿನ ಜಾಡಿಗೆ ಮುಕ್ಕಾಲು ತುಂಬಿ, ಒಳಗೊಂದು ಪುಟ್ಟ ಡಿಜಿಟಲ್ ಹೈಗ್ರೋಮೀಟರ್ (ಗಾಳಿಯ ಆರ್ದ್ರತೆ ಅಳೆಯುವ ಮಾಪಕ) ಇಟ್ಟು ಬಿಗಿಯಾಗಿ ಮುಚ್ಚಿ, 24 ಗಂಟೆ ಕಳೆದು ಓದಿ. ಶೇ 55 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇಡಬಹುದು. 55ರಿಂದ 65 ತೋರಿಸಿದರೆ ಮತ್ತೆ ಎರಡು ಗಂಟೆ ತಟ್ಟೆಗೆ. 65 ದಾಟಿದ್ದರೆ ಆ ಕ್ಷಣವೇ ಹೊರತೆಗೆಯಿರಿ, ಏಕೆಂದರೆ 70 ದಾಟಿದ ಕಡೆ ಬೂಷ್ಟು ಬೆಳೆಯುವುದು ಬರೀ ದಿನಗಳ ಮಾತು. ಒಂದು ವಾರ ದಿನವೂ ನೋಡಿ, ಅಂಕಿ ಮೇಲೇರದಿದ್ದರೆ ಮಾತ್ರ ನಂಬಿ. ಅಗ್ಗದ ಹೈಗ್ರೋಮೀಟರ್ ಐದಾರು ಅಂಕ ತಪ್ಪು ತೋರಿಸಬಹುದು. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಒದ್ದೆ ಮರಳಿನಷ್ಟು ನೆನೆಸಿ ಅದರೊಡನೆ ಮುಚ್ಚಿದ ಜಾಡಿಯಲ್ಲಿಡಿ. ಎಂಟು ಗಂಟೆಯ ಮೇಲೆ ಶೇ 75 ತೋರಿಸಬೇಕು, ಎಷ್ಟು ತಪ್ಪಿದೆಯೋ ಅಷ್ಟನ್ನು ಕೂಡಿಸಿ ಕಳೆದು ಓದಿಕೊಳ್ಳಿ.

ಈಗಾಗಲೇ ಬೂಷ್ಟು ಹಿಡಿದ ಡಬ್ಬಿಯಿಂದ ಒಳ್ಳೆಯದನ್ನು ಆರಿಸುವ ಪ್ರಯತ್ನ ಬೇಡ, ಪೂರ್ತಿ ಎಸೆಯಿರಿ. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣುವ ಹೊತ್ತಿಗೆ ಕಾಣದ ಎಲೆಗೂ ಹಬ್ಬಿರುತ್ತವೆ. ಕೆಲವು ಬೂಷ್ಟುಗಳು ಬಿಡುವ ವಿಷ ಕಷಾಯ ಕುದಿಸಿದರೂ ಹೋಗುವುದಿಲ್ಲ. ಡಬ್ಬಿಯನ್ನು ಬಿಸಿನೀರು, ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ.

ಜಾಡಿಯನ್ನು ಕತ್ತಲೆಯಲ್ಲಿಡಿ. ಎಲೆಯನ್ನು ಇಡಿಯಾಗಿಯೇ ಇಡಿ, ಪುಡಿ ಮಾಡಿದರೆ ಗ್ರಂಥಿಗಳೆಲ್ಲ ಒಡೆದು ಪರಿಮಳ ಬೇಗ ಹಾರುತ್ತದೆ. ಮಳೆಗಾಲದಲ್ಲಿ ದಿನವೂ ಮುಚ್ಚಳ ತೆರೆಯುವ ಜಾಡಿ ಚಿಕ್ಕದಿರಲಿ, ದೊಡ್ಡದನ್ನು ಮುಟ್ಟಬೇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕುವುದಾದರೆ ನೀಲಿ ಬಣ್ಣದ್ದು ಬೇಡ. ಆ ನೀಲಿ ಕೋಬಾಲ್ಟ್ ಕ್ಲೋರೈಡಿನದು, ತಿನ್ನುವ ವಸ್ತುವಿನ ಬಳಿ ಇರತಕ್ಕದ್ದಲ್ಲ. ಬಿಳಿ ಅಥವಾ ಕಿತ್ತಳೆ ಬಣ್ಣದ್ದನ್ನು ಬಟ್ಟೆಚೀಲದಲ್ಲಿ ಕಟ್ಟಿ ಹಾಕಿ, ತೇವ ಹೀರಿದ ಮೇಲೆ 120 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಓವನ್‌ಗೆ ಈ ಇಡೀ ವ್ಯವಹಾರದಲ್ಲಿ ಇರುವ ಕೆಲಸ ಅದೊಂದೇ.